ಗಣಕಯಂತ್ರದ ಅಸ್ಥಿರತೆ: ಕೆಪಾಸಿಟರ್ ದೋಷವೂ ದುರಸ್ತಿಯೂ

ಶಾಲೆಯ ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರವು ಪಾಠದ ನಡುವೆ ತಾನಾಗಿಯೇ ನಿಂತು ಮತ್ತೆ ಆರಂಭವಾಗುವುದು, ಪರದೆ ಸ್ತಬ್ಧಗೊಳ್ಳುವುದು, ನಾಲ್ಕಾರು ಬಾರಿ ಗುಂಡಿ ಒತ್ತಿದ ಮೇಲಷ್ಟೇ ಚಾಲನೆಗೊಳ್ಳುವುದು ಅಪರೂಪವಲ್ಲ. ಅಂತಹ ಯಂತ್ರವನ್ನು ದಾಸ್ತಾನು ವಹಿಯಲ್ಲಿ ‘ನಿರುಪಯುಕ್ತ’ವೆಂದು ನಮೂದಿಸುವ ಮುನ್ನ ಅದರ ಮದರ್‌ಬೋರ್ಡನ್ನು ಪರಿಶೀಲಿಸುವುದು ಉಚಿತ. ಶಿಕ್ಷಕರು ಸ್ವತಃ ಸಿದ್ಧಪಡಿಸಿದ ಕನ್ನಡ ಪ್ರಶ್ನೆಪತ್ರಿಕೆ, ಪಾಠಟಿಪ್ಪಣಿಗಳು ಆ ಒಂದೇ ಯಂತ್ರದಲ್ಲಿದ್ದರೆ ಅವುಗಳಿಗೆ ಬದಲಿ ಯಾವ ಅಂಗಡಿಯಲ್ಲಿಯೂ ದೊರೆಯದು. ಆದುದರಿಂದ ಯಂತ್ರ ನಡೆಯುತ್ತಿರುವಾಗಲೇ ಕಡತಗಳನ್ನು ಪೆನ್‌ಡ್ರೈವಿಗೆ ನಕಲಿಸಿಕೊಳ್ಳುವುದು ಮೊದಲ ಕೆಲಸ.

ಕಾರಣ: ವಿದ್ಯುತ್ ಪೂರೈಕೆಯ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಮದರ್‌ಬೋರ್ಡಿಗೆ 12 ವೋಲ್ಟ್ ನೀಡುತ್ತದೆ. ಪ್ರೊಸೆಸರಿಗೆ ಬೇಕಾದುದು ಸುಮಾರು 1 ವೋಲ್ಟ್ ಮಾತ್ರ. ಹೀಗೆ ಇಳಿಸುವಾಗ ಉಂಟಾಗುವ ಏರಿಳಿತವನ್ನು ಕೆಪಾಸಿಟರುಗಳು ಸಮಗೊಳಿಸುತ್ತವೆ. ವಿಜ್ಞಾನ ಪಾಠದಲ್ಲಿ ಇವನ್ನೇ ಧಾರಕಗಳೆನ್ನುತ್ತೇವೆ. ನಳದ ನೀರು ಹೆಚ್ಚುಕಡಿಮೆಯಾದರೂ ಮೇಲ್ತೊಟ್ಟಿಯಿಂದ ಒಂದೇ ಸಮನೆ ನೀರು ಬರುವಂತೆ ಇವುಗಳ ಕಾರ್ಯ. ಇವುಗಳೊಳಗೆ ಅಲ್ಯೂಮಿನಿಯಂ ಹಾಳೆ ಮತ್ತು ದ್ರವರೂಪದ ವಿದ್ಯುದ್ವಿಭಾಜ್ಯವಿರುತ್ತವೆ. ಉಷ್ಣದಿಂದ ದ್ರವ ಆರುತ್ತದೆ. ಕೆಲವೊಮ್ಮೆ ಅನಿಲ ಉತ್ಪತ್ತಿಯಾಗಿ ಡಬ್ಬಿ ಉಬ್ಬುತ್ತದೆ. 2000ದ ದಶಕದ ಆರಂಭದ ಅನೇಕ ಮದರ್‌ಬೋರ್ಡುಗಳು ದೋಷಯುಕ್ತ ದ್ರವದಿಂದಲೇ ಅಕಾಲದಲ್ಲಿ ಕೆಟ್ಟವು.

ಗುರುತಿಸುವಿಕೆ: ವಿದ್ಯುತ್ ತಂತಿಯನ್ನು ಪೂರ್ಣವಾಗಿ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿ, ಪ್ರೊಸೆಸರಿನ ಸುತ್ತಲಿನ ಉರುಳೆಯಾಕಾರದ ಡಬ್ಬಿಗಳನ್ನು ನೋಡಬೇಕು. ಸುಸ್ಥಿತಿಯ ಡಬ್ಬಿಯ ತಲೆ ಸಮತಟ್ಟಾಗಿರುತ್ತದೆ. ತಲೆ ಉಬ್ಬಿದ್ದರೆ, ಕಂದು ಬಣ್ಣದ ಕಲೆಯಿದ್ದರೆ ಅಥವಾ ತಳದಿಂದ ದ್ರವ ಒಸರಿದ್ದರೆ ಅದು ಕೆಟ್ಟಿದೆ. ಸಡಿಲಗೊಂಡ ರ‍್ಯಾಮ್, ದೂಳು ತುಂಬಿದ ಫ್ಯಾನ್, ದುರ್ಬಲ ಎಸ್‌ಎಂಪಿಎಸ್ ಸಹ ಇದೇ ಲಕ್ಷಣಗಳನ್ನು ತೋರುವುದರಿಂದ ಅವನ್ನೂ ಪರೀಕ್ಷಿಸಬೇಕು.

ಬದಲಾವಣೆ: ಹೊಸ ಕೆಪಾಸಿಟರಿನ ಮೈಕ್ರೋಫ್ಯಾರಡ್ ಮೌಲ್ಯ ಹಳೆಯದರಷ್ಟೇ ಇರಬೇಕು, ವೋಲ್ಟ್ ಮಿತಿ ಸಮಾನ ಅಥವಾ ಹೆಚ್ಚಿರಬಹುದು. 6.3 ವೋಲ್ಟಿನ ಸ್ಥಾನದಲ್ಲಿ 10 ವೋಲ್ಟಿನದು ಗಾತ್ರ ಹೊಂದಿದರೆ ಸಲ್ಲುತ್ತದೆ. 105 ಡಿಗ್ರಿ ಸೆಲ್ಸಿಯಸ್ ತಾಳುವ ‘ಲೋ ಇಎಸ್‌ಆರ್’ ಬಗೆಯನ್ನೇ ಕೇಳಿ ಪಡೆಯಬೇಕು; ಸಾಮಾನ್ಯ ಬಗೆಯದು ಬೇಗನೆ ಕೆಡುತ್ತದೆ. ಡಬ್ಬಿಯ ಮೇಲಿನ ಪಟ್ಟೆ ಋಣಧ್ರುವವನ್ನು ಸೂಚಿಸುತ್ತದೆ. ಬೋರ್ಡಿನ ಮೇಲಿನ ಗುರುತು ತಯಾರಕರಿಂದ ತಯಾರಕರಿಗೆ ಭಿನ್ನವಾಗಿರುವ ಕಾರಣ, ಕೀಳುವ ಮೊದಲೇ ಛಾಯಾಚಿತ್ರ ತೆಗೆದಿಡಬೇಕು. ಧ್ರುವ ಅದಲುಬದಲಾದರೆ ಕೆಪಾಸಿಟರ್ ಸಿಡಿಯಬಹುದು.

ಮದರ್‌ಬೋರ್ಡಿನ ಒಳಪದರಗಳ ತಾಮ್ರವು ಬೆಸುಗೆಯ ಶಾಖವನ್ನು ಹೀರಿಕೊಳ್ಳುತ್ತದೆ. ಬೆಸುಗೆ ಪೂರ್ಣ ಕರಗದೆ ಎಳೆದರೆ ರಂಧ್ರದ ಒಳಲೇಪ ಕಿತ್ತು ಬೋರ್ಡೇ ಹಾಳಾಗುತ್ತದೆ. ಆದುದರಿಂದ ಅನುಭವವಿಲ್ಲದವರು ದೋಷವನ್ನು ಗುರುತಿಸಿ, ಈ ಕೆಲಸವನ್ನು ಟಿವಿ ಅಥವಾ ಕಂಪ್ಯೂಟರ್ ದುರಸ್ತಿಗಾರರಿಗೆ ಒಪ್ಪಿಸುವುದು ಲೇಸು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ತೆರೆಯಲೇಬಾರದು. ತಂತಿ ಕಿತ್ತ ಮೇಲೂ ಅದರೊಳಗೆ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಉಳಿದಿರಬಹುದು.

ದುರಸ್ತಿಯಾದ ಯಂತ್ರವನ್ನು ಒಂದು ದಿನ ಸತತವಾಗಿ ನಡೆಸಿ ನೋಡಿದ ಬಳಿಕ ತರಗತಿಗೆ ತರಬೇಕು. ಉಷ್ಣತೆ 10 ಡಿಗ್ರಿ ತಗ್ಗಿದರೆ ಇಂತಹ ಕೆಪಾಸಿಟರಿನ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ. ಫ್ಯಾನಿನ ದೂಳನ್ನು ಆಗಾಗ ಒರಸುವುದೂ, ಯಂತ್ರವನ್ನು ಗೋಡೆಗೆ ಒತ್ತದೆ ಗಾಳಿಯಾಡುವಂತೆ ಇರಿಸುವುದೂ ಈ ಕಾರಣಕ್ಕೆ ಅಗತ್ಯ.