ಗ್ರಾಮ ಪಂಚಾಯಿತಿಗಳ ಆಪ್ಟಿಕಲ್ ಫೈಬರ್ ಸಂಪರ್ಕ: ಮಿತವ್ಯಯದ ನಿರ್ವಹಣೆ

ಗ್ರಾಮ ಪಂಚಾಯಿತಿ ಕಚೇರಿಯ ಅಂತರ್ಜಾಲ ಸಂಪರ್ಕವು ಕಡಿತಗೊಂಡಲ್ಲಿ ಇ-ಸ್ವತ್ತು ನಮೂನೆಗಳ ವಿತರಣೆ, ತೆರಿಗೆ ವಸೂಲಿಯ ದಾಖಲೆ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಒಟ್ಟಿಗೇ ಸ್ಥಗಿತಗೊಳ್ಳುತ್ತವೆ. ಅರಕೇರಾ ಭಾಗದ ದೊಡ್ಡಿ, ತಾಂಡಾಗಳಿಂದ ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಈ ನಷ್ಟವನ್ನು ತಗ್ಗಿಸಲು ದುಬಾರಿ ಉಪಕರಣಗಳಿಗಿಂತ ಮೊದಲು ಬೇಕಾಗಿರುವುದು ಸರಿಯಾದ ತಪಾಸಣೆ ಹಾಗೂ ದಾಖಲೆ.

ಜಾಲದ ಸ್ವರೂಪ

2011ರಲ್ಲಿ ಮಂಜೂರಾದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಯೇ 2015ರಿಂದ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಮೊದಲ ಹಂತದಲ್ಲಿ ದೂರವಾಣಿ ಕೇಂದ್ರದ ಓಎಲ್‌ಟಿ ಉಪಕರಣದಿಂದ ಹೊರಟ ಒಂದು ಎಳೆಯು ಸ್ಪ್ಲಿಟರ್ ಮೂಲಕ ಕವಲೊಡೆದು ಹಲವು ಪಂಚಾಯಿತಿಗಳ ಓಎನ್‌ಟಿ ಪೆಟ್ಟಿಗೆಗಳನ್ನು ತಲುಪುತ್ತದೆ. ಸ್ಪ್ಲಿಟರ್‌ಗೆ ವಿದ್ಯುತ್ ಬೇಡ. ಆದುದರಿಂದ ನಡುದಾರಿಯಲ್ಲಿ ಉಪಕರಣದ ಖರ್ಚು ಕಡಿಮೆ. ಆದರೆ ಮುಖ್ಯ ಎಳೆ ತುಂಡಾದಲ್ಲಿ ಅದರ ಕವಲುಗಳೆಲ್ಲವೂ ನಿಲ್ಲುತ್ತವೆ.

ತಂಡ ಕಳುಹಿಸುವ ಮುನ್ನ

ದುರಸ್ತಿಯಲ್ಲಿ ದೊಡ್ಡ ವೆಚ್ಚವೆಂದರೆ ವಾಹನ, ತಂಡ ಹಾಗೂ ಅಗೆತ. ಆದಕಾರಣ ಮೊದಲು ಓಎನ್‌ಟಿ ದೀಪಗಳನ್ನು ನೋಡತಕ್ಕದ್ದು. ಪವರ್ ದೀಪವೇ ಆರಿದ್ದಲ್ಲಿ ದೋಷವಿರುವುದು ವಿದ್ಯುತ್ತಿನಲ್ಲಿ ಅಥವಾ ಬ್ಯಾಟರಿಯಲ್ಲಿ. ಇದಕ್ಕೆ ಕೇಬಲ್ ತಂಡ ಬೇಕಿಲ್ಲ. ಪವರ್ ಇದ್ದು ಎಲ್‌ಓಎಸ್ ದೀಪವು ಕೆಂಪಾಗಿದ್ದಲ್ಲಿ ಬೆಳಕು ತಲುಪುತ್ತಿಲ್ಲವೆಂದು ಅರ್ಥ. ಆಗ ನೆರೆಯ ಪಂಚಾಯಿತಿಗಳನ್ನು ವಿಚಾರಿಸಬೇಕು: ಹಲವೆಡೆ ಒಟ್ಟಿಗೇ ನಿಂತಿದ್ದರೆ ದೋಷವು ಮುಖ್ಯ ಮಾರ್ಗದಲ್ಲಿರುವ ಸಂಭವ ಹೆಚ್ಚು, ಒಂದೇ ಕಡೆಯಾದರೆ ಆ ಕವಲಿನಲ್ಲಿ. ದೂರು ನೀಡುವಾಗ ಈ ವಿವರವನ್ನೂ ವೇಳೆಯನ್ನೂ ನಮೂದಿಸಬೇಕು.

ಮಾರ್ಗ ವಹಿ

ಓಟಿಡಿಆರ್ ಉಪಕರಣವು ಎಳೆಯೊಳಗೆ ಬೆಳಕಿನ ಮಿಡಿತ ಕಳುಹಿಸಿ, ಅದು ಮರಳುವ ವೇಳೆಯಿಂದ ದೋಷದ ದೂರವನ್ನು ಲೆಕ್ಕಹಾಕುತ್ತದೆ. ಆದರೆ ಅದು ತಿಳಿಸುವುದು ಎಳೆಯ ಉದ್ದವನ್ನು. ಚೇಂಬರ್‌ಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ ಕೂಡಿರುವುದರಿಂದ ನೆಲದ ಅಳತೆಯು ಅದಕ್ಕಿಂತ ಕಡಿಮೆ ಇರುತ್ತದೆ. ಚೇಂಬರ್, ಜೋಡಣೆ, ಕಾಲುವೆ ದಾಟುವ ಸ್ಥಳ ಹಾಗೂ ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ಗುರುತಿಸಿದ ಮಾರ್ಗ ವಹಿ ಇದ್ದಲ್ಲಿ ತಂಡವು ಒಂದೇ ಗುಂಡಿ ತೋಡಿ ಕೆಲಸ ಮುಗಿಸಬಹುದು. ಇಲ್ಲವಾದಲ್ಲಿ ಊಹೆಯ ಮೇಲೆ ಹಲವೆಡೆ ಅಗೆಯಬೇಕಾಗುತ್ತದೆ.

ಜೋಡಣೆಯ ಗುಣಮಟ್ಟ

ಈ ಜಾಲಗಳಲ್ಲಿ ಬೆಳಕು ಸಹಿಸಬಹುದಾದ ಒಟ್ಟು ನಷ್ಟ ಸಾಮಾನ್ಯವಾಗಿ 28 ಡೆಸಿಬಲ್. 1310 ನ್ಯಾನೋಮೀಟರ್ ತರಂಗದಲ್ಲಿ ಕಿಲೋಮೀಟರಿಗೆ ಸುಮಾರು 0.35ರಂತೆ 15 ಕಿಲೋಮೀಟರಿಗೆ 5.25 ಡೆಸಿಬಲ್ ತಗಲುತ್ತದೆ. ಸ್ಪ್ಲಿಟರ್‌ಗಳ ನಷ್ಟ ಇದಕ್ಕೂ ಹೆಚ್ಚು. ಉತ್ತಮ ಸ್ಪ್ಲೈಸಿಂಗ್ ಜೋಡಣೆಯ ನಷ್ಟ 0.1ರ ಆಸುಪಾಸಿನಲ್ಲಿರುತ್ತದೆ. ಹೆಚ್ಚುವರಿ ಕೇಬಲ್ ಲಭ್ಯವಿಲ್ಲದಿದ್ದರೆ ನಡುವೆ ತುಂಡು ಸೇರಿಸಬೇಕಾಗಿ ಒಂದರ ಬದಲು ಎರಡು ಜೋಡಣೆಗಳಾಗುತ್ತವೆ. ಅವಸರದ ಕಳಪೆ ಜೋಡಣೆಗಳು ಕೂಡುತ್ತಾ ಹೋದಂತೆ, ಕೇಬಲ್ ತುಂಡಾಗದಿದ್ದರೂ ಸಂಪರ್ಕ ಪದೇಪದೇ ಕಡಿಯುತ್ತದೆ. ದುರಸ್ತಿಯ ನಂತರದ ಬೆಳಕಿನ ಮಟ್ಟವನ್ನು ವಹಿಯಲ್ಲಿ ಬರೆಸಿಕೊಳ್ಳುವುದು ಇದೇ ಕಾರಣಕ್ಕೆ.

ಅಗೆತದ ಮುನ್ನ ಮಾಹಿತಿ

ಕೇಬಲ್ ತುಂಡರಿಸುವುದು ಹಲವು ವೇಳೆ ಪಂಚಾಯಿತಿಯ ಸ್ವಂತ ಕಾಮಗಾರಿಯೇ: ಕುಡಿಯುವ ನೀರಿನ ಪೈಪು, ಚರಂಡಿ, ರಸ್ತೆ ಅಗಲೀಕರಣ. ಜೆಸಿಬಿ ಇಳಿಸುವ ಮುನ್ನ ಗುತ್ತಿಗೆದಾರರಿಗೆ ಮಾರ್ಗ ವಹಿಯನ್ನು ತೋರಿಸಿ ಸಹಿ ಪಡೆಯುವುದರಿಂದ ಖರ್ಚೇ ಇಲ್ಲದೆ ದುರಸ್ತಿ ತಪ್ಪುತ್ತದೆ. ಇದೇ ಉದ್ದೇಶಕ್ಕೆ ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆ ಮಾಡಿದೆ.

2023ರ ಆಗಸ್ಟ್‌ನಲ್ಲಿ ಅನುಮೋದನೆಗೊಂಡ ಪರಿಷ್ಕೃತ ಭಾರತ್‌ನೆಟ್ ಯೋಜನೆಯು ಪಂಚಾಯಿತಿಗಳನ್ನು ಉಂಗುರಾಕಾರದಲ್ಲಿ ಜೋಡಿಸುತ್ತದೆ. ಒಂದು ಬದಿ ತುಂಡಾದರೂ ಇನ್ನೊಂದು ಬದಿಯಿಂದ ಸೇವೆ ಮುಂದುವರಿಯುವುದರಿಂದ ಮೊದಲ ಕಡಿತವು ಕಚೇರಿಯ ಗಮನಕ್ಕೆ ಬಾರದಿರಬಹುದು. ಅದನ್ನು ದುರಸ್ತಿಪಡಿಸದೆ ಬಿಟ್ಟಲ್ಲಿ ಎರಡನೆಯ ಕಡಿತದಿಂದ ನಡುವಿನ ಪಂಚಾಯಿತಿಗಳೆಲ್ಲ ನಿಲ್ಲುತ್ತವೆ. ಆದುದರಿಂದ ಉಂಗುರ ಜಾಲ ಬಂದ ನಂತರವೂ ಮಾರ್ಗ ವಹಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಿ ಕಚೇರಿಯಲ್ಲಿ ಲಭ್ಯವಿರಿಸುವುದು ಅವಶ್ಯ.