ಕೀಲಿಮಣೆಯ ಕೀಲಿಗಳು ಅಂಟಿದಂತೆ ತೋರಿದಾಗ ಅನುಸರಿಸಬೇಕಾದ ಕ್ರಮ



ಇ-ಸ್ವತ್ತು ತಂತ್ರಾಂಶದ ನಮೂನೆ-9ರಲ್ಲಿ ನಿವೇಶನದ ಅಳತೆ 9 ಮೀಟರ್ ಇರಬೇಕಾದಲ್ಲಿ 99 ಎಂದು ದಾಖಲಾದರೆ, ಅಥವಾ ಮಾಲೀಕರ ಹೆಸರಿನಲ್ಲಿ ‘ಲ’ ಇರಬೇಕಾದಲ್ಲಿ ‘ಳ’ ಬಂದರೆ, ತಿದ್ದುಪಡಿಗಾಗಿ ಅಲೆಯಬೇಕಾದವರು ಗ್ರಾಮಸ್ಥರು. ಇಂತಹ ತಪ್ಪಿಗೆ ಕೆಲವೊಮ್ಮೆ ಕೀಲಿಮಣೆಯೇ ಕಾರಣವಾಗಿರುತ್ತದೆ. ಆದರೆ ಕೀಲಿ ಅಂಟಿದಂತೆ ಕಂಡ ಮಾತ್ರಕ್ಕೆ ಅದು ಕೆಟ್ಟಿದೆ ಎಂದು ತಿಳಿಯಬಾರದು. ತಿಕೋಟಾ, ಬಬಲೇಶ್ವರ ಭಾಗದ ಪಂಚಾಯಿತಿಗಳು ವಿಜಯಪುರ ನಗರದಿಂದ ತಂತ್ರಜ್ಞರನ್ನು ಕರೆಸುವ ಮೊದಲು ಈ ಕೆಳಗಿನ ಪರೀಕ್ಷೆಗಳನ್ನು ಕಚೇರಿಯಲ್ಲಿಯೇ ಮಾಡಿಕೊಳ್ಳಬಹುದು.

1. ಸೆಟ್ಟಿಂಗ್ ಪರಿಶೀಲನೆ: ನುಡಿ ವಿನ್ಯಾಸದಲ್ಲಿ ಶಿಫ್ಟ್ ಒತ್ತಿದಾಗ ‘ಕ’ ಕೀಲಿ ‘ಖ’ ಆಗುತ್ತದೆ, ‘ನ’ ಕೀಲಿ ‘ಣ’ ಆಗುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಸತತವಾಗಿ ಐದು ಬಾರಿ ಒತ್ತಿದರೆ ‘ಸ್ಟಿಕ್ಕಿ ಕೀಸ್’ ಕುರಿತ ಪ್ರಶ್ನೆ ಮೂಡುತ್ತದೆ. ಓದದೆ ಒಪ್ಪಿಗೆ ನೀಡಿದರೆ, ಬೆರಳು ತೆಗೆದ ಮೇಲೂ ಶಿಫ್ಟ್ ಒತ್ತಿದಂತೆಯೇ ಉಳಿಯಬಹುದು. ಬಲಗಡೆಯ ಶಿಫ್ಟ್ ಅನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಕುರಿತ ಪ್ರಶ್ನೆ ಬರುತ್ತದೆ. ಅದು ಚಾಲನೆಯಲ್ಲಿದ್ದರೆ ಲಘುವಾಗಿ ಒತ್ತಿದ ಅಕ್ಷರ ಮೂಡುವುದೇ ಇಲ್ಲ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಕೀಬೋರ್ಡ್’ ತೆರೆದು ಇವೆರಡನ್ನೂ ಆಫ್ ಮಾಡಬೇಕು.

2. ಬೇರೆ ಗಣಕಯಂತ್ರದಲ್ಲಿ ಪರೀಕ್ಷೆ: ಅದೇ ಕೀಲಿಮಣೆಯನ್ನು ಮತ್ತೊಂದು ಯಂತ್ರಕ್ಕೆ ಜೋಡಿಸಿ ನೋಡಬೇಕು. ದೋಷವು ಅಲ್ಲಿಯೂ ಕಂಡುಬಂದರೆ ಅದು ಕೀಲಿಮಣೆಯದೇ.

3. ಶುಚಿಗೊಳಿಸುವಿಕೆ: ನಮ್ಮ ಭಾಗದ ಬೇಸಿಗೆಯ ಧೂಳು ಕೀಲಿಗಳ ಅಡಿಯಲ್ಲಿ ಸೇರುತ್ತದೆ. ಯಂತ್ರವನ್ನು ನಿಲ್ಲಿಸಿ, ಕೀಲಿಮಣೆಯ ತಂತಿಯನ್ನು ಕಳಚಿ, ಅದನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಬೇಕು. ಬಳಿಕ ಮೃದುವಾದ ಕುಂಚದಿಂದ ಸಂದುಗಳನ್ನು ಶುಚಿಗೊಳಿಸಬೇಕು. ಚಹಾ ಚೆಲ್ಲಿದ್ದರೆ ತಂತಿಯನ್ನು ತಕ್ಷಣ ಕಳಚಿ, ಕೀಲಿಮಣೆಯನ್ನು ಬೋರಲಾಗಿಟ್ಟು ಪೂರ್ಣವಾಗಿ ಒಣಗಿಸಬೇಕು. ನೀರು ಸುರಿದು ತೊಳೆಯಬಾರದು.

4. ತಾತ್ಕಾಲಿಕ ವ್ಯವಸ್ಥೆ: ವಿಂಡೋಸ್, ಕಂಟ್ರೋಲ್ ಮತ್ತು ‘ಓ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಲಿಮಣೆ ತೆರೆದುಕೊಳ್ಳುತ್ತದೆ. ಮೌಸ್ ಬಳಸಿ ಅದರಲ್ಲಿ ತುರ್ತು ಅರ್ಜಿಯನ್ನು ಪೂರ್ಣಗೊಳಿಸಬಹುದು. ಆದ್ದರಿಂದ ಅರ್ಜಿದಾರರಿಗೆ ‘ನಾಳೆ ಬನ್ನಿ’ ಎನ್ನುವ ಅಗತ್ಯವಿಲ್ಲ.

ಈ ಕ್ರಮಗಳಿಂದ ದೋಷ ನಿವಾರಣೆಯಾಗದಿದ್ದಲ್ಲಿ ಮಾತ್ರ ಕೀಲಿಮಣೆಯನ್ನು ಬದಲಾಯಿಸುವುದು ಸೂಕ್ತ. ದೋಷವಿದ್ದ ಅವಧಿಯಲ್ಲಿ ನಮೂದಿಸಿದ ಹೆಸರು, ಅಳತೆ ಹಾಗೂ ಮೊತ್ತಗಳನ್ನು ಅನುಮೋದನೆಗೆ ಮುನ್ನ ಮೂಲ ಅರ್ಜಿಯೊಂದಿಗೆ ತಾಳೆ ನೋಡುವಂತೆ ಸದಸ್ಯರು ಸಿಬ್ಬಂದಿಗೆ ತಿಳಿಸಬೇಕೆಂದು ಕೋರಲಾಗಿದೆ.