ಕೂದಲು ಉದುರಿದರೆ ಮೂರು ತಿಂಗಳು ಹಿಂದೆ ನೋಡಿ

ಹೋದ ವರ್ಷ ಮಳೆಗಾಲ ಶುರುವಾದ ಸಮಯ. ನಮ್ಮ ಮದ್ರಸದ ನಾಲ್ಕನೇ ತರಗತಿಯ ಹುಡುಗನೊಬ್ಬ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಬರತೊಡಗಿದ. ವುಝೂ ಮಾಡಲು ಕೂಡ ಎಲ್ಲರೂ ಎದ್ದು ಹೋದ ಮೇಲೆಯೇ ಹೋಗುತ್ತಿದ್ದ. ಒಂದು ದಿನ ಹಿಂದಿನ ಬೆಂಚಿನವನು ತಮಾಷೆಗೆ ಟೋಪಿ ಎಳೆದುಬಿಟ್ಟ. ತಲೆಯ ಹಿಂಭಾಗದಲ್ಲಿ ನಾಣ್ಯದಷ್ಟು ಅಗಲದ ಬೋಳು. ಗಾಯ ಇಲ್ಲ, ಹೊಟ್ಟು ಇಲ್ಲ, ಒರೆಸಿಟ್ಟ ಹಾಗೆ ನುಣ್ಣಗೆ.

"ಹುಳ ತಿಂದದ್ದು ಉಸ್ತಾದ್, ಹತ್ರ ಕೂತ್ರೆ ನಮಗೂ ಬರ್ತದೆ" ಎಂದು ಮಕ್ಕಳು ಗುಲ್ಲೆಬ್ಬಿಸಿದರು. ಮರುದಿನ ಇಬ್ಬರು ತಾಯಂದಿರು ಫೋನ್ ಮಾಡಿದರು. ನಾನು ಹೆಚ್ಚು ಯೋಚಿಸಲಿಲ್ಲ. ಅವನನ್ನು ಕಿಟಕಿ ಬದಿಯ ಬೆಂಚಿನಲ್ಲಿ ಒಬ್ಬನೇ ಕೂರಿಸಿ, "ಸ್ವಲ್ಪ ದಿನ ಅಷ್ಟೇ" ಎಂದೆ. ಆಮೇಲೆ ಹುಡುಗ ಬರಲೇ ಇಲ್ಲ.

ಅವನ ಬಾಪ ಸೌದಿಯಲ್ಲಿ. ಉಮ್ಮ ತಮ್ಮನ ಕೈಯಲ್ಲಿ ಹೇಳಿ ಕಳುಹಿಸಿದರು: ಮಂಗಳೂರಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಲಿಕ್ಕುಂಟು, ಉಸ್ತಾದರೂ ಜೊತೆಗೆ ಬರಲಿ, ಡಾಕ್ಟರು ಹೇಳಿದ್ದನ್ನು ಉಸ್ತಾದರೇ ಮಕ್ಕಳಿಗೆ ಹೇಳಲಿ. ಆ ಮಾತಿನಲ್ಲಿದ್ದ ನೋವು ನನಗೆ ಅರ್ಥವಾಯಿತು. ಹೋದೆ.

ಡಾಕ್ಟರು ಮಸೂರ ಹಿಡಿದು ನೋಡಿ ಮೊದಲು ಹೇಳಿದ್ದೇ "ಇದು ಯಾರಿಗೂ ಹರಡುವುದಿಲ್ಲ" ಎಂದು. ಇದರ ಹೆಸರು ಅಲೋಪೇಶಿಯಾ ಏರಿಯೇಟಾ. ಹುಳವೂ ಇಲ್ಲ, ಹಲ್ಲಿಯೂ ನೆಕ್ಕಿಲ್ಲ. ರೋಗಾಣುಗಳ ಮೇಲೆ ಹೋರಾಡಬೇಕಾದ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಕೂದಲ ಬೇರಿನ ಮೇಲೆ ಬೀಳುತ್ತದೆ. ಬೇರು ಸಾಯುವುದಿಲ್ಲ, ಕೆಲಸ ನಿಲ್ಲಿಸಿ ಮಲಗುತ್ತದೆ. ಒಂದೆರಡು ಸಣ್ಣ ಬೋಳು ಮಾತ್ರ ಇದ್ದರೆ ಎಷ್ಟೋ ಜನರಿಗೆ ಒಂದು ವರ್ಷದೊಳಗೆ ತಾನಾಗಿಯೇ ಕೂದಲು ಬರುತ್ತದೆ. ಬೇಗ ಬರಲೆಂದು ಸ್ಟಿರಾಯ್ಡ್ ಮುಲಾಮು ಕೊಡುತ್ತಾರೆ, ದೊಡ್ಡವರಿಗಾದರೆ ಆ ಜಾಗಕ್ಕೇ ಸಣ್ಣ ಸೂಜಿಯಲ್ಲಿ ಮದ್ದು ಹಾಕುತ್ತಾರೆ. ತಲೆ ಪೂರ್ತಿ, ಹುಬ್ಬು ಸಹಿತ ಹೋಗುವವರೂ ಇದ್ದಾರೆ. ಅಂಥವರಿಗೆ ಬಾರಿಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಆದರೆ ಅದು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾ ತೆಗೆದುಕೊಳ್ಳಬೇಕಾದ ಮದ್ದು.

ಬುಖಾರಿಯಲ್ಲಿ ಬರುವ ಬನೀ ಇಸ್ರಾಯೀಲರ ಮೂವರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತುಂಟು. ಒಬ್ಬ ಕುಷ್ಠರೋಗಿ, ಒಬ್ಬ ಬೋಳುತಲೆಯವ, ಒಬ್ಬ ಕುರುಡ. ನಿನಗೇನು ಬೇಕೆಂದು ಕೇಳಿದಾಗ ಬೋಳುತಲೆಯವ ಒಳ್ಳೆಯ ಕೂದಲು ಕೇಳುತ್ತಾನೆ, ಜನ ತನ್ನನ್ನು ಕಂಡು ಅಸಹ್ಯಪಡುತ್ತಾರೆ ಎಂಬ ಕಾರಣಕ್ಕೆ. ಎಷ್ಟೋ ವರ್ಷಗಳಿಂದ ಈ ಕಥೆ ಹೇಳುತ್ತಾ ಬಂದಿದ್ದೇನೆ. ಬೆಂಚು ಬದಲಿಸುವಾಗ ಅದು ನೆನಪಿಗೆ ಬರಲಿಲ್ಲ. ಮರುದಿನ ತರಗತಿಯಲ್ಲಿ ಡಾಕ್ಟರು ಹೇಳಿದ್ದನ್ನು ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ. ಸಂಜೆ ಹುಡುಗನ ಮನೆಗೆ ಹೋಗಿ ಬಂದೆ.

ಹಾಗಾದರೆ ಹರಡುವ ಬೋಳು ಇಲ್ಲವೇ? ಉಂಟು. ಅದು ಮಕ್ಕಳ ತಲೆಗೆ ಬರುವ ಶಿಲೀಂಧ್ರದ ಸೋಂಕು, ಹುಳುಕಡ್ಡಿಯ ಜಾತಿಯದ್ದು. ಅಲ್ಲಿ ಚರ್ಮ ನುಣುಪಾಗಿರುವುದಿಲ್ಲ. ಹೊಟ್ಟು ಏಳುತ್ತದೆ, ತುರಿಕೆ ಇರುತ್ತದೆ, ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳ ಹಾಗೆ ಕಾಣುತ್ತದೆ, ಕೆಲವೊಮ್ಮೆ ಕೀವೂ ಆಗುತ್ತದೆ. ಬಾಚಣಿಗೆ, ಟವೆಲು, ಟೋಪಿಯಿಂದ ಹರಡುತ್ತದೆ, ಬೆಕ್ಕಿನ ಮರಿಯಿಂದಲೂ ಬರುತ್ತದೆ. ಮೇಲೆ ಹಚ್ಚುವ ಮುಲಾಮು ಬೇರಿನವರೆಗೆ ಇಳಿಯುವುದಿಲ್ಲ, ಕೆಲವು ವಾರ ಮಾತ್ರೆಯನ್ನೇ ನುಂಗಬೇಕು. ಔಷಧ ಶುರುವಾದ ಮೇಲೆ ಈ ಮಗು ಕೂಡ ಶಾಲೆ ಬಿಟ್ಟು ಕೂರಬೇಕಾಗಿಲ್ಲ. ನಮ್ಮ ಮದ್ರಸದ ಕಪಾಟಿನಲ್ಲಿ, ಟೋಪಿ ಮರೆತು ಬಂದವರಿಗೆಂದು ಏಳೆಂಟು ಹಳೆ ಟೋಪಿಗಳಿದ್ದವು. ದಿನಕ್ಕೊಂದು ತಲೆಗೆ ಹೋಗುವ ಟೋಪಿಗಳು. ಅವನ್ನು ತೆಗೆದು ಹಾಕಿದೆ.

ಈ ಸುದ್ದಿ ಊರಲ್ಲಿ ಹೇಗೋ ಹಬ್ಬಿ, ಈಗ ಜನ ಫಿಖ್‌ಹಿನ ಮಸ್‌ಅಲಕ್ಕಿಂತ ಹೆಚ್ಚು ಕೂದಲಿನ ಮಸ್‌ಅಲ ಕೇಳುತ್ತಾರೆ ಮಾರಾಯ್ರೇ! ನಾನು ಡಾಕ್ಟರಲ್ಲ. ಆದರೆ ಅಂದು ಆ ಡಾಕ್ಟರು ಬಿಡುವು ಮಾಡಿ ಹೇಳಿದ ಒಂದು ಲೆಕ್ಕ ಮನೆಮನೆಗೂ ಬೇಕಾದದ್ದು ಎಂದು ಅನಿಸಿದ್ದರಿಂದ ಬರೆಯುತ್ತಿದ್ದೇನೆ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಎಲ್ಲವೂ ಒಟ್ಟಿಗೆ ಬೆಳೆಯುವುದಿಲ್ಲ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಮತ್ತೆ ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರಿ, ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಬೀಳುವುದು ರೋಗವಲ್ಲ. ವಾರಕ್ಕೆ ಎರಡೇ ಸಲ ತಲೆಗೆ ನೀರು ಹಾಕುವ ಹೆಂಗಸರಿಗೆ ಮೂರು ನಾಲ್ಕು ದಿನದ್ದು ಒಟ್ಟಿಗೆ ಬಚ್ಚಲಲ್ಲಿ ಕಾಣುತ್ತದೆ, ಎದೆ ಧಸಕ್ಕೆನ್ನುತ್ತದೆ.

ಈಗ ಲೆಕ್ಕ ನೋಡಿ. ಡೆಂಗಿ, ಟೈಫಾಯ್ಡ್, ದೊಡ್ಡ ಆಪರೇಶನ್, ಹೆರಿಗೆ, ಮನೆಯಲ್ಲಿ ಮರಣ, ತೂಕ ಇಳಿಸಲು ಊಟ ಬಿಡುವುದು. ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲಲ್ಲಿ ಬಹಳಷ್ಟು ಒಮ್ಮೆಲೇ ವಿಶ್ರಾಂತಿಗೆ ಹೋಗುತ್ತದೆ. ಆದರೆ ಉದುರುವುದು ಅಂದಲ್ಲ, ಎರಡು ಮೂರು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ಜ್ವರ ಬಂದದ್ದು ಎಲ್ಲರಿಗೂ ಮರೆತಿರುತ್ತದೆ. ಕೈಯಲ್ಲಿ ಮುಷ್ಟಿ ಮುಷ್ಟಿ ಬರುವಾಗ ಆ ವಾರ ಬದಲಿಸಿದ ಸಾಬೂನಿನ ಮೇಲೆ, ನೀರಿನ ಮೇಲೆ, ಯಾರದ್ದೋ ಕಣ್ಣಿನ ಮೇಲೆ ತಪ್ಪು ಹೋಗುತ್ತದೆ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಜುಲೈಯಲ್ಲಿ ನನ್ನ ಮನೆಯವಳಿಗೆ ಡೆಂಗಿ ಬಂತು. ಅಕ್ಟೋಬರಿನಲ್ಲಿ ಕೂದಲು ಉದುರಲು ಶುರು. ಒಬ್ಬರು ಹೇಳಿದರೆಂದು ಮೂರು ಬಾಟಲಿ ಎಣ್ಣೆ ತರಿಸಿದೆ, 1,200 ರೂಪಾಯಿ. ಆ ಹೊತ್ತಿಗೆ ನನ್ನ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಫೆಬ್ರವರಿಗೆ ಹಣೆಯ ಅಂಚಿನಲ್ಲಿ ಹುಲ್ಲಿನ ಹಾಗೆ ಹೊಸ ಕೂದಲು ಎದ್ದಿತು. ಅವಳು ಕೇರಿಗೆಲ್ಲ ಆ ಎಣ್ಣೆಯ ಗುಣಗಾನ ಮಾಡಿದಳು, ಹನ್ನೊಂದು ಮನೆಯವರು ತರಿಸಿದರು. ಈಗ ಗೊತ್ತಾಗುತ್ತದೆ: ಇಂಥ ಉದುರುವಿಕೆ ಹೆಚ್ಚಿನವರಿಗೆ ಆರು ತಿಂಗಳೊಳಗೆ ತಾನಾಗಿ ನಿಂತು ಮತ್ತೆ ಬರುವಂಥದ್ದೇ. ನಾವು ಎಣ್ಣೆ ಹಚ್ಚುವಾಗ ಹೊಸ ಕೂದಲು ಒಳಗೆ ಹೊರಟಾಗಿತ್ತು. ಇದನ್ನು ಹೇಳಿದರೆ ಮನೆಯವಳು ಇವತ್ತಿಗೂ ಒಪ್ಪುವುದಿಲ್ಲ, ಅದು ಬೇರೆ ಮಾತು. ತೆಂಗಿನೆಣ್ಣೆ ಕೆಟ್ಟದ್ದಲ್ಲ, ಎಳೆಯನ್ನು ಮೃದುವಾಗಿಡುತ್ತದೆ, ತುಂಡಾಗುವುದನ್ನು ತಡೆಯುತ್ತದೆ. ಆದರೆ ಬೇರಿಗೆ ಹೊಸ ಕೂದಲು ಹುಟ್ಟಿಸಲು ಅದರಿಂದ ಆಗುವುದಿಲ್ಲ.

ಬಾಣಂತಿಯರದ್ದು ಇದೇ ಲೆಕ್ಕ. ಬಸುರಿಯಾಗಿದ್ದಾಗ ಉದುರಬೇಕಾದದ್ದು ಉದುರದೆ ಜಡೆ ದಪ್ಪವಾಗುತ್ತದೆ. ಹೆರಿಗೆಯಾಗಿ ಮೂರನೇ ತಿಂಗಳ ಆಸುಪಾಸಿನಲ್ಲಿ ಆ ಬಾಕಿ ಎಲ್ಲ ಒಟ್ಟಿಗೆ ಬೀಳುತ್ತದೆ. ನಲ್ವತ್ತು ಮುಗಿಸಿ, ತಾಯಿ ಮನೆಯ ಮದ್ದು, ಪಥ್ಯ ಎಲ್ಲ ಮುಗಿದು, ಹೆಣ್ಣು ಗಂಡನ ಮನೆಗೆ ಬಂದಿರುವ ಸಮಯ ಅದು. "ಇಲ್ಲಿದ್ದಾಗ ಒಂದು ಕೂದಲು ಹೋಗಿರ್ಲಿಲ್ಲ, ಅಲ್ಲಿಯ ಬಾವಿ ನೀರು ಸರಿಯಿಲ್ಲ" ಎಂದು ತಾಯಿ ಮನೆಯವರು. "ಅಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ಅತ್ತೆ. ಎರಡೂ ಕಡೆಯ ತಪ್ಪಿಲ್ಲ. ಮಗುವಿಗೆ ಒಂದು ವರ್ಷ ತುಂಬುವಾಗ ಹೆಚ್ಚಿನವರಿಗೆ ಮೊದಲಿನ ಹಾಗೆ ಆಗುತ್ತದೆ. ಆಗದಿದ್ದರೆ ರಕ್ತ ಕಡಿಮೆ ಉಂಟೋ, ಥೈರಾಯ್ಡ್ ಉಂಟೋ ಎಂದು ನೋಡಿಸಬೇಕು.

ಈ ರಕ್ತದ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ತಿಂಗಳ ಮುಟ್ಟು ಹೆಚ್ಚು ಹೋಗುವವರಲ್ಲಿ, ಮೇಲಿಂದ ಮೇಲೆ ಹೆರಿಗೆಯಾದವರಲ್ಲಿ ಕಬ್ಬಿಣದಂಶ ಇಳಿದಿರುತ್ತದೆ. ಸುಸ್ತು, ಮೆಟ್ಟಿಲು ಹತ್ತುವಾಗ ಏದುಸಿರು, ಜೊತೆಗೆ ಕೂದಲು. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ಎಂಬ ದಾಸ್ತಾನು ಖಾಲಿಯಿರಬಹುದು, ಅದನ್ನೂ ಪರೀಕ್ಷೆ ಮಾಡಿಸಿ. ಊಟ ಆದ ಕೂಡಲೇ ಚಾ ಕುಡಿಯುವ ನಮ್ಮ ಅಭ್ಯಾಸ ಆಹಾರದ ಕಬ್ಬಿಣವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಕೂದಲು ಆಗುವುದೇ ಪ್ರೋಟೀನಿನಿಂದ. ಬೂತಾಯಿ, ಮೊಟ್ಟೆ, ಹುರುಳಿ, ಹೆಸರು ಮನೆಯಲ್ಲಿ ಬೇಯುತ್ತದೆ, ಆದರೆ ಮೀನಿನ ನಡುತುಂಡು ಗಂಡಸರ ಬಟ್ಟಲಿಗೆ ಹೋಗಿ ಸಾರು ಮಾತ್ರ ಹೆಂಗಸರಿಗೆ ಉಳಿಯುವ ಮನೆಗಳು ಇನ್ನೂ ಇವೆ. ನಿಕಾಹ್ ಹತ್ತಿರ ಬಂತೆಂದು ಊಟ ಬಿಟ್ಟು ತೆಳ್ಳಗಾಗುವ ಹುಡುಗಿಯರಿಗೆ ಮೂರು ತಿಂಗಳ ಲೆಕ್ಕ ಸರಿಯಾಗಿ ಮದುವೆಯ ದಿನಕ್ಕೇ ಬಂದು ಮುಟ್ಟುತ್ತದೆ. ಹೆಣ್ಣು ನೋಡಲು ಹೋದ ಹೆಂಗಸರು ಶಾಲು ಸರಿಸಿ ಜಡೆಯ ದಪ್ಪ ನೋಡುವುದನ್ನು ಇನ್ನಾದರೂ ಬಿಡಬೇಕು.

ಬೈತಲೆ ಮಾತ್ರ ಅಗಲವಾಗುತ್ತಾ ಹೋಗಿ, ಮುಟ್ಟು ಏರುಪೇರಾಗಿ, ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ಅದು ಪಿಸಿಓಡಿ ಇರಬಹುದು. ಎಣ್ಣೆಯಲ್ಲಿ ದಿನ ಕಳೆಯಬೇಡಿ.

ಹಿಜಾಬಿನಿಂದ ಕೂದಲು ಉದುರುತ್ತದೆಯೇ, ಟೋಪಿಯಿಂದ ಬೋಳಾಗುತ್ತದೆಯೇ ಎಂದು ಎಷ್ಟೋ ಮಂದಿ ಕೇಳುತ್ತಾರೆ. ಬೇರಿಗೆ ಉಸಿರು ರಕ್ತದಿಂದ ಸಿಗುತ್ತದೆ, ಹೊರಗಿನ ಗಾಳಿಯಿಂದಲ್ಲ. ಬಟ್ಟೆ ಏನೂ ಮಾಡುವುದಿಲ್ಲ. ಒದ್ದೆ ಕೂದಲನ್ನು ಹಾಗೆಯೇ ಬಿಗಿಯಾಗಿ ಎಳೆದು ಗಂಟು ಕಟ್ಟಿ ಮೇಲೆ ಸ್ಕಾರ್ಫ್ ಸುತ್ತುವುದು ಮಾತ್ರ ತೊಂದರೆ. ದಿನವೂ ಎಳೆದರೆ ಹಣೆಯ ಅಂಚು, ಕಿವಿಯ ಮೇಲಿನ ಕೂದಲು ಹಿಂದೆ ಹೋಗುತ್ತದೆ, ವರ್ಷಗಟ್ಟಲೆ ಎಳೆದರೆ ಬೇರೇ ಸತ್ತುಹೋಗುತ್ತದೆ. ಒಣಗಿಸಿ, ಸಡಿಲ ಕಟ್ಟಿ.

ಅಖೀಖಾಕ್ಕೆ ಮಗುವಿನ ತಲೆ ಬೋಳಿಸುವುದು ಸುನ್ನತ್, ಮಾಡಿ. ಆದರೆ ದಪ್ಪ ಬರಲೆಂದು ಮತ್ತೆ ಮತ್ತೆ ಬೋಳಿಸುವುದರಲ್ಲಿ ಅರ್ಥವಿಲ್ಲ. ಉಮ್ರಾದಿಂದ ಬಂದವರ ಕೂದಲು ದಪ್ಪ ಕಾಣುವುದು ಕತ್ತಿ ತಾಗಿದ ತುದಿ ಮೊಂಡಾಗಿರುವುದರಿಂದ. ಬ್ಲೇಡು ಬೇರಿನವರೆಗೆ ಹೋಗುವುದೇ ಇಲ್ಲ.

ಇನ್ನು ನಮ್ಮ ಗಲ್ಫಿನ ಹುಡುಗರು. "ಉಸ್ತಾದ್, ಅಲ್ಲಿಯ ನೀರು ತಲೆಗೆ ಹಾಕಿ ಹಾಕಿ ಎಲ್ಲ ಹೋಯ್ತು" ಎಂದು ರಜೆಯಲ್ಲಿ ಬಂದವರೆಲ್ಲ ಹೇಳುತ್ತಾರೆ. ನೀರು ಎಳೆಯನ್ನು ಒರಟು ಮಾಡಬಹುದು, ಮುರಿಯಬಹುದು. ಆದರೆ ಹಣೆಯ ಎರಡು ಮೂಲೆ ಹಿಂದೆ ಸರಿದು, ನೆತ್ತಿ ತೆಳ್ಳಗಾಗಿ, ಹಿಂಬದಿ ಮಾತ್ರ ಗಟ್ಟಿಯಾಗಿ ಉಳಿದಿದೆ ಎಂದರೆ ಅದು ವಂಶದ್ದು. ಅದು ಬರುವುದು ಇಪ್ಪತ್ತು, ಮೂವತ್ತರ ಪ್ರಾಯದಲ್ಲಿ. ಹುಡುಗರು ವಿಮಾನ ಹತ್ತುವುದೂ ಅದೇ ಪ್ರಾಯದಲ್ಲಿ. ನೀರಿಗೇ ಸಿಟ್ಟಿದ್ದರೆ ಹಿಂಬದಿಯನ್ನು ಯಾಕೆ ಬಿಟ್ಟಿತು? ಡಿಎಚ್‌ಟಿ ಎಂಬ ಹಾರ್ಮೋನಿಗೆ ಮುಂಭಾಗದ ಬೇರುಗಳು ಸೋಲುತ್ತವೆ, ಹಿಂಬದಿಯವು ಸೋಲುವುದಿಲ್ಲ. ಇದು ತಾಯಿ ಕಡೆಯಿಂದ ಮಾತ್ರ ಬರುತ್ತದೆ ಎಂಬುದೂ ಸರಿಯಲ್ಲ, ಎರಡೂ ಕಡೆಯಿಂದ ಬರುತ್ತದೆ.

ಈ ಬಗೆಯದ್ದು ತಾನಾಗಿ ಮರಳುವುದಿಲ್ಲ. ಮಿನಾಕ್ಸಿಡಿಲ್ ಎಂಬುದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ತೆಗೆದುಕೊಂಡವರಿಗೆ ಮೈಯಲ್ಲೆಲ್ಲ ಕೂದಲು ಬರುವುದನ್ನು ನೋಡಿ ತಲೆಗೆ ಹಚ್ಚುವ ಔಷಧ ಮಾಡಿದರು. ಮೊದಲ ವಾರಗಳಲ್ಲಿ ಇನ್ನಷ್ಟು ಉದುರುತ್ತದೆ, ಹೆದರಿ ಬಿಡುವವರೇ ಹೆಚ್ಚು. ನಾಲ್ಕರಿಂದ ಆರು ತಿಂಗಳು ಕಾಯಬೇಕು, ಬಿಟ್ಟರೆ ಬಂದದ್ದು ಮತ್ತೆ ಹೋಗುತ್ತದೆ. ಫಿನಾಸ್ಟರೈಡ್ ಮಾತ್ರೆ ಡಾಕ್ಟರ ಚೀಟಿ ಇಲ್ಲದೆ ಬೇಡ. ಅದರ ಒಡೆದ ಮಾತ್ರೆಯನ್ನು ಬಸುರಿ ಹೆಂಗಸರು ಮುಟ್ಟಲೂಬಾರದು, ಹೊಟ್ಟೆಯ ಗಂಡು ಮಗುವಿಗೆ ಅಪಾಯ.

ಕಸಿಯ ಬಗ್ಗೆ ಎರಡು ಪ್ರಶ್ನೆ ಬರುತ್ತದೆ. ಹಿಂದಿನ ಬೇರನ್ನೇ ಕಿತ್ತು ಮುಂದೆ ನೆಡುವುದು ಅದು. ನೆಟ್ಟದ್ದು ಒಂದು ತಿಂಗಳಲ್ಲಿ ಉದುರಿ, ನಾಲ್ಕನೇ ತಿಂಗಳ ಹೊತ್ತಿಗೆ ಮತ್ತೆ ಎದ್ದು, ಪೂರ್ತಿ ಕಾಣಲು ಒಂದು ವರ್ಷ ಬೇಕು. ಅದು ಶಸ್ತ್ರಚಿಕಿತ್ಸೆ, ಬ್ಯೂಟಿ ಪಾರ್ಲರಿನ ಕೆಲಸವಲ್ಲ. ಇನ್ನೊಂದು ಪ್ರಶ್ನೆ ಹರಾಮೋ ಹಲಾಲೋ ಎಂಬುದು. ಇನ್ನೊಬ್ಬರ ಕೂದಲನ್ನು ಜೋಡಿಸುವುದಕ್ಕೆ ಹದೀಸಿನಲ್ಲಿ ವಿರೋಧವಿದೆ. ತನ್ನದೇ ಬೇರನ್ನು ಸ್ಥಳ ಬದಲಿಸಿ ನೆಡುವುದನ್ನು ಈ ಕಾಲದ ಹಲವು ಉಲಮಾಗಳು ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸಿದ್ದಾರೆ. ನಿಮ್ಮ ಜಮಾಅತಿನ ಖತೀಬರಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಬಯೋಟಿನ್ ಮಾತ್ರೆ ಈಗ ಎಲ್ಲರ ಮನೆಯಲ್ಲೂ ಉಂಟು. ಅದರ ಕೊರತೆ ಇರುವವರು ಬಹಳ ಅಪರೂಪ. ಹೆಚ್ಚು ನುಂಗಿದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ. ರಕ್ತ ಕೊಡುವ ಮೊದಲು ಡಾಕ್ಟರಿಗೆ ಹೇಳಿ ನಿಲ್ಲಿಸಿ.

ತಡಮಾಡಬಾರದ್ದು ಒಂದುಂಟು. ಬೋಳಾದ ಜಾಗ ಉರಿಯುವುದು, ಕೆಂಪಾಗುವುದು, ಕೀವು ಬರುವುದು, ಇಲ್ಲವೇ ರಂಧ್ರವೇ ಕಾಣದಂತೆ ಹೊಳೆಯುವುದು. ಅಲ್ಲಿ ಬೇರು ಸಾಯುತ್ತಿರುತ್ತದೆ, ಸತ್ತದ್ದು ಯಾವ ಔಷಧದಿಂದಲೂ ಬರುವುದಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಉಂಟು, ಖಾಸಗಿಗೆ ಹಣವಿಲ್ಲ ಎಂದು ಕೂರಬೇಡಿ. ಹೋಗುವ ದಿನ ತಲೆಗೆ ಎಣ್ಣೆ ಬೇಡ. ಕಳೆದ ಆರು ತಿಂಗಳಲ್ಲಿ ಬಂದ ಜ್ವರ, ಹೆರಿಗೆಯ ತಾರೀಕು, ನುಂಗುವ ಮಾತ್ರೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಆ ಹುಡುಗ ಬಕ್ರೀದ್ ರಜೆ ಕಳೆದು ಮದ್ರಸಕ್ಕೆ ಬಂದ, ತನ್ನ ಹಳೆಯ ಬೆಂಚಿಗೇ. ಐದು ತಿಂಗಳಿಗೆ ಬೋಳಿನಲ್ಲಿ ಕೂದಲು ಬಂತು, ಆದರೆ ಬಿಳಿ! ಮೊದಲು ಹೀಗೆ ಬಿಳಿ ಬಂದು ಮತ್ತೆ ಕಪ್ಪಾಗುವುದು ಈ ರೋಗದಲ್ಲಿ ಮಾಮೂಲಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಕ್ಕಳು ಸ್ವಲ್ಪ ದಿನ "ಅಜ್ಜ" ಎಂದರು, ಅವನೂ ನಕ್ಕ. ಈಗ ಅವನು ಐದನೇ ತರಗತಿ. ಕಿವಿಯ ಮೇಲೆ ಇನ್ನೊಂದು ಸಣ್ಣ ಬೋಳು ಕಾಣಿಸಿಕೊಂಡಿದೆ. ಹೋದ ವಾರ ಪಾಠದ ನಡುವೆ ಎದ್ದು ಬಂದು, ಟೋಪಿ ತೆಗೆದು, ಅವನೇ ನನಗೆ ತೋರಿಸಿದ.